ವಿಪತ್ತೂ ವ್ಯಾಪಾರವೂ

(ರಾಜ್ಯೋತ್ಸವದ ಅಂಗವಾಗಿ ಎಗ್ಮೋರಿನಲ್ಲಿ ನಮ್ಮ ಸಂಘವು ಏರ್ಪಡಿಸಿದ್ದ ಸಣ್ಣ ವರ್ತಕರ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ಮಾತನಾಡಬೇಕೆಂದು ಕೇಳಿದಾಗ ನಾವು ಬಹಳ ಸಂಕೋಚಪಟ್ಟೆವು. ರಾಜ್ಯೋತ್ಸವದ ವೇದಿಕೆಯೆಂದರೆ ಪಂಪನ ಮಾತು, ಬಸವಣ್ಣನವರ ಮಾತು, ಏಕೀಕರಣದ ಮಾತು. ನಾವಾದರೋ ಬಿ.ಕಾಂ. ಮುಗಿಸಿ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತಿರುವ ಗುಮಾಸ್ತರು. ನಮಗೆ ತಿಳಿದಿರುವುದು ಜಮಾ ಮತ್ತು ಖರ್ಚು, ಎರಡೇ. ಆದರೆ ಕಾರ್ಯದರ್ಶಿಗಳು ಬಿಡಲಿಲ್ಲ. "ಸಾಹಿತ್ಯವನ್ನು ಹೇಳುವವರು ಬೇರೆ ಇದ್ದಾರೆ. ಮಳೆ ಬಂದು ಅಂಗಡಿ ಮುಳುಗಿದರೆ ಏನು ಮಾಡಬೇಕೆಂದು ನೀವು ಹೇಳಿ" ಎಂದರು. ಅವರ ಅಪ್ಪಣೆಯನ್ನು ಮೀರಲಾರದೆ ಬಂದು ನಿಂತಿದ್ದೇವೆ.

ಮಳೆಯ ಮಾತಿಗೂ ರಾಜ್ಯೋತ್ಸವಕ್ಕೂ ಸಂಬಂಧವಿಲ್ಲವೆಂದು ತಾವು ತಿಳಿಯಬಾರದು. ಈ ಪಟ್ಟಣದಲ್ಲಿ ನವೆಂಬರ್ 1ನೆಯ ತಾರೀಖು ಬರುವುದೇ ಕೊಡೆ ಹಿಡಿದುಕೊಂಡು. ಷಾಮಿಯಾನ ಹಾಕಿ ತೊಯ್ಯಿಸಿಕೊಂಡ ವರ್ಷಗಳು ಎಷ್ಟೆಂದು ನಮ್ಮ ಖಜಾಂಚಿಗಳನ್ನು ಕೇಳಿದರೆ ಬಾಡಿಗೆಯ ರಸೀತಿಗಳ ಸಮೇತ ಹೇಳಿಯಾರು. ಊರಿನಿಂದ ಬಂದ ನಮಗೆ ಮಳೆಯೆಂದರೆ ಆಷಾಢ ಶ್ರಾವಣದ ಮಳೆ. ನವರಾತ್ರಿ ಕಳೆಯಿತೆಂದರೆ ಕೊಡೆಯನ್ನು ಅಟ್ಟಕ್ಕೆ ಏರಿಸಿದ ಅಭ್ಯಾಸ. ಇಲ್ಲಿ ಹಾಗಲ್ಲ. ಚೆನ್ನೈಗೆ ವರ್ಷದಲ್ಲಿ ಬೀಳುವ ಮಳೆಯಲ್ಲಿ ಅರ್ಧಕ್ಕೂ ಹೆಚ್ಚು ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಬೀಳುತ್ತದೆ. ಎರಡು ತಲೆಮಾರು ಇಲ್ಲಿ ಬಾಳಿದ ಮನೆಗಳಲ್ಲಿಯೂ ಮೈಯೊಳಗಿನ ಪಂಚಾಂಗ ಊರಿನದೇ ಆಗಿ ಉಳಿದಿರುವುದನ್ನು ನಾವು ಕಂಡಿದ್ದೇವೆ.

ವಿಪತ್ತು ಈ ಪಟ್ಟಣಕ್ಕೆ ಹೊಸತಲ್ಲ. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನರ ಎಂಡೆನ್ ಹಡಗು ಬಂದು ಬಂದರಿನ ಎಣ್ಣೆ ತೊಟ್ಟಿಗಳಿಗೆ ಗುಂಡು ಹಾಕಿತು. 1942ರ ಏಪ್ರಿಲಿನಲ್ಲಿ ಜಪಾನೀಯರು ಬರುತ್ತಾರೆಂಬ ಭಯದಿಂದ ಜನ ಗಂಟುಮೂಟೆ ಕಟ್ಟಿ ಪಟ್ಟಣವನ್ನೇ ಬಿಟ್ಟು ನಡೆದರು. 2004ರ ಡಿಸೆಂಬರ್ 26ರಂದು ಸಮುದ್ರವೇ ಮೇಲೆದ್ದು ಬಂತು. ಆದರೆ ನಾವು ಕೌಂಟರಿನಲ್ಲಿ ಕುಳಿತು ಕಣ್ಣಾರೆ ಕಂಡದ್ದು 2015ರ ಪ್ರವಾಹ. ಆಗ ನಾವು ಕೆಲಸಕ್ಕೆ ಸೇರಿ ಎರಡನೆಯ ವರ್ಷ. ಆದಕಾರಣ ಅದರ ಮಾತನ್ನೇ ಮುಖ್ಯವಾಗಿ ಹೇಳುತ್ತೇವೆ.

ಆ ವರ್ಷದ ನವೆಂಬರ್ ಒಂದೇ ತಿಂಗಳಲ್ಲಿ ಪಟ್ಟಣದ ಮೇಲೆ ಒಂದು ಮೀಟರಿಗೂ ಮಿಕ್ಕು ಮಳೆ ಬಿದ್ದಿತ್ತು. ಕೆರೆಗಳೆಲ್ಲ ತುಂಬಿ ನಿಂತಿದ್ದವು. ಅದರ ಮೇಲೆ ಡಿಸೆಂಬರ್ 1ರಂದು ತಾಂಬರಂನಲ್ಲಿ 24 ಗಂಟೆಗಳೊಳಗೆ 49 ಸೆಂಟಿಮೀಟರು ಮಳೆಯಾಯಿತು. ಚೆಂಬರಂಬಾಕ್ಕಂ ಕೆರೆಯಿಂದ ಸೆಕೆಂಡಿಗೆ 29,000 ಘನ ಅಡಿಯಷ್ಟು ನೀರನ್ನು ಅಡ್ಯಾರ್ ಹೊಳೆಗೆ ಬಿಟ್ಟರು. ರಾತ್ರಿ ಮಲಗಿದವರು ಎದ್ದಾಗ ಸೈದಾಪೇಟೆ, ಕೋಟೂರ್‌ಪುರಂ, ಜಾಫರ್‌ಖಾನ್‌ಪೇಟೆಗಳಲ್ಲಿ ನೀರು ಮನೆಯೊಳಗಿತ್ತು. ವಿಮಾನ ನಿಲ್ದಾಣ ಮುಚ್ಚಿತು. ಇದೇ ಎಗ್ಮೋರ್ ಸ್ಟೇಷನ್ನಿನಿಂದ ದಕ್ಷಿಣಕ್ಕೆ ಹೊರಡಬೇಕಾದ ರೈಲುಗಳು ನಿಂತವು. ಕರೆಂಟು ಇಲ್ಲ, ಫೋನು ಇಲ್ಲ, ಎ.ಟಿ.ಎಂ.ನಲ್ಲಿ ಹಣವಿಲ್ಲ.

ಈಗ ಒಬ್ಬ ಹಿರಿಯರ ಕಥೆಯನ್ನು ಹೇಳಬೇಕು. ಹೆಸರು ಬೇಡ. ಕುಂದಾಪುರದ ಕಡೆಯವರು. ಈ ಸ್ಟೇಷನ್ನಿನ ಹತ್ತಿರದ ಒಂದು ಓಣಿಯಲ್ಲಿ ಅವರ ಅಂಗಡಿ. ಹೋಟೆಲುಗಳಿಗೆ ಬ್ಯಾಡಗಿ ಮೆಣಸಿನಕಾಯಿ, ಬೇಳೆ, ಕಾಫಿಬೀಜ ಒದಗಿಸುವ ವ್ಯಾಪಾರ. ನಮ್ಮವರು ಈ ಪಟ್ಟಣದಲ್ಲಿ ನೆಲೆಯೂರಿದ್ದು ಹೋಟೆಲುಗಳಿಂದ ಎಂಬುದು ತಮಗೆ ತಿಳಿದದ್ದೇ; ವುಡ್‌ಲ್ಯಾಂಡ್ಸಿನ ಕೃಷ್ಣರಾಯರನ್ನೂ, ಪೂನಮಲ್ಲಿ ಹೈರೋಡಿನಲ್ಲಿದ್ದ ದಾಸಪ್ರಕಾಶವನ್ನೂ ಇಲ್ಲಿರುವ ಹಿರಿಯರಿಗೆ ನಾವು ಪರಿಚಯಿಸಬೇಕಾಗಿಲ್ಲ. ಅಂಥ ಹೋಟೆಲುಗಳ ಬೆನ್ನಿಗೆ ಇಂಥ ಸಣ್ಣ ವರ್ತಕರಿರುತ್ತಾರೆ. ಹಿರಿಯರ ಸರಕು ಸುಮಾರು 12 ಲಕ್ಷ ರೂಪಾಯಿಯದು. ಅದರಲ್ಲಿ 3 ಲಕ್ಷದ್ದು ಎಗ್ಮೋರಿನ ಅಂಗಡಿಯಲ್ಲಿ. ಉಳಿದ 9 ಲಕ್ಷದ್ದು ಬಾಡಿಗೆ ಕಡಿಮೆಯೆಂದು ಸೈದಾಪೇಟೆಯಲ್ಲಿ ಹಿಡಿದಿದ್ದ ಗೋಡೌನಿನಲ್ಲಿ. ನಾವಿದ್ದ ಬ್ಯಾಂಕಿನಲ್ಲಿ 6 ಲಕ್ಷದ ಕ್ಯಾಷ್ ಕ್ರೆಡಿಟ್ ಸಾಲವಿತ್ತು. ಸಾಲಕ್ಕೆ ಸರಕೇ ಆಧಾರ. ಸರಕಿಗೆ ವಿಮೆಯನ್ನು ಬ್ಯಾಂಕೇ ಮಾಡಿಸಿ, ಕಂತನ್ನು ಅವರ ಲೆಕ್ಕಕ್ಕೆ ಖರ್ಚು ಹಾಕುವುದು ಪದ್ಧತಿ. ಪಾಲಿಸಿ ಬ್ಯಾಂಕಿನ ಕಡತದಲ್ಲಿ ಇರುತ್ತಿತ್ತು. ಹಿರಿಯರು ಅದನ್ನು ಒಂದು ದಿನವೂ ಕಣ್ಣಿನಿಂದ ಕಂಡವರಲ್ಲ.

ಹೊಳೆ ಸೈದಾಪೇಟೆಯ ಗೋಡೌನಿನೊಳಗೆ ಆಳೆತ್ತರ ನಿಂತಿತು. ಮೆಣಸಿನಕಾಯಿ ಚೀಲಗಳು ಕೊಳೆತವು. ನೀರು ಇಳಿದು ನಾಲ್ಕು ದಿನಕ್ಕೆ ಹಿರಿಯರು ಬ್ಯಾಂಕಿಗೆ ಬಂದರು. ನಾವು ಕಡತ ತೆಗೆದೆವು. ಪಾಲಿಸಿಯಲ್ಲಿ ಬರೆದಿದ್ದ ಜಾಗ ಎಗ್ಮೋರಿನ ಅಂಗಡಿ ಒಂದೇ. ವಿಮಾ ಕಂಪನಿಯ ಸರ್ವೇಯರು ಬಂದು ನೋಡಿದರೆ ಎಗ್ಮೋರಿನ ಅಂಗಡಿಯಲ್ಲಿ ಒಂದು ಹನಿ ನೀರಿಲ್ಲ. ವಿಮೆ ಮಾಡಿದ್ದ ಜಾಗಕ್ಕೆ ನೀರು ಬರಲಿಲ್ಲ, ನೀರು ಬಂದ ಜಾಗಕ್ಕೆ ವಿಮೆಯಿರಲಿಲ್ಲ.

"ಮಾಣಿ, ದುಡ್ಡ್ ಹಿಡ್ಕಂಡದ್ದ್ ನಿಮ್ಮ ಬ್ಯಾಂಕ್ ಅಲ್ದಾ?" ಎಂದು ಹಿರಿಯರು ಕೇಳಿದರು. ಕೋಪದಿಂದ ಕೇಳಲಿಲ್ಲ, ತಿಳಿಯದೆ ಕೇಳಿದರು.

ಗೋಡೌನ್ ಬದಲಾದ ಸಂಗತಿಯನ್ನು ಅವರು ಮುಚ್ಚಿಟ್ಟಿರಲಿಲ್ಲ. ಪ್ರತಿ ತಿಂಗಳು ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಅವರ ಕೈಯಕ್ಷರದಲ್ಲಿಯೇ 'ಸೈದಾಪೇಟೆ ಗೋಡೌನ್' ಎಂದು ಬರೆದಿತ್ತು. ಆ ಕಾಗದಗಳನ್ನು ತೆಗೆದುಕೊಂಡು, ಮೊಹರು ಹಾಕಿ, ಕಡತಕ್ಕೆ ಸೇರಿಸಿದವರು ನಾವು. ಆಗಸ್ಟಿನಲ್ಲಿ ಪಾಲಿಸಿಯನ್ನು ನವೀಕರಿಸುವಾಗ ಹಿಂದಿನ ವರ್ಷದ್ದನ್ನು ನೋಡಿ ಹಾಗೆಯೇ ನಕಲು ಮಾಡಿದವರೂ ನಾವು. 'ನಾವು' ಎಂದು ಹೇಳುವುದು ಗುಮಾಸ್ತರ ಬಾಯಿಗೆ ಬಂದುಬಿಟ್ಟ ರೂಢಿ. ಈ ಒಂದು ಮಾತಿನಲ್ಲಿ ಮಾತ್ರ ಆ 'ನಾವು' ಎಂಬುದರೊಳಗೆ ನಮ್ಮ ಹೊರತು ಮತ್ತೊಬ್ಬರಿಲ್ಲ. ಮೇಲಿನವರು ಪತ್ರ ಬರೆದರು, ಕಂಪನಿಯವರು ಉತ್ತರ ಬರೆದರು, ಹಣ ಬರಲಿಲ್ಲ. ಸಾಲದ ಗಡುವನ್ನು ಮುಂದಕ್ಕೆ ಹಾಕಿಕೊಟ್ಟರು. ಆದರೆ ಗಡುವು ಮುಂದಕ್ಕೆ ಹೋದರೆ ಸಾಲ ಹಿಂದಕ್ಕೆ ಹೋಗುವುದಿಲ್ಲವಷ್ಟೆ.

ಇಷ್ಟರಿಂದಲೇ ಆ ಅಂಗಡಿ ಮುಚ್ಚುತ್ತಿರಲಿಲ್ಲವೆಂದು ನಮ್ಮ ಅಭಿಪ್ರಾಯ. ಹೋಟೆಲುಗಳಿಂದ ಅವರಿಗೆ ಬರಬೇಕಾಗಿದ್ದ ಉದ್ದರಿ ಹಣ ಸುಮಾರು 4 ಲಕ್ಷ. ಅದು ಕೈಸೇರಿದ್ದರೆ ಹೊಸ ಸರಕು ಹಾಕಬಹುದಿತ್ತು. ಆದರೆ ಉದ್ದರಿಯ ಪುಸ್ತಕಗಳೂ ಗೋಡೌನಿನಲ್ಲಿಯೇ ಇದ್ದವು. ಬಿಸಿಲಿಗೆ ಹರಡಿ ಒಣಗಿಸಿದರೆ ಮಸಿಯೆಲ್ಲ ಹರಡಿ ಹಾಳೆ ನೀಲಿಯಾಗಿತ್ತು. ನೆನಪಿನಿಂದ ಕೇಳಿದಾಗ ಕೆಲವರು ಧರ್ಮವಾಗಿ ಕೊಟ್ಟರು. ಕೆಲವರು "ಅಷ್ಟಿರಲಿಲ್ಲವಲ್ಲ ಸ್ವಾಮಿ" ಎಂದರು. ಒಂದೂವರೆ ವರ್ಷ ಎಳೆದಾಡಿ ಹಿರಿಯರು ಅಂಗಡಿ ಬಿಟ್ಟುಕೊಟ್ಟು ಊರಿಗೆ ಹೋದರು. ಅಲ್ಲಿ ಈಗ ಮೊಬೈಲ್ ಕವರುಗಳನ್ನು ಮಾರುತ್ತಾರೆ. ಮೂವತ್ತು ವರ್ಷದ ವ್ಯಾಪಾರವನ್ನು ನೀರು ಒಂದು ರಾತ್ರಿಯಲ್ಲಿ ತೆಗೆದುಕೊಂಡು ಹೋಯಿತೆಂದು ಜನ ಹೇಳುತ್ತಾರೆ. ನೀರು ಒಯ್ದದ್ದು 9 ಲಕ್ಷದ ಸರಕನ್ನು. ಅಂಗಡಿಯನ್ನು ಒಯ್ದದ್ದು ಕಾಗದ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಸಂಗತಿ. ಧಾರವಾಡದ ಕಡೆಯ ಒಬ್ಬ ಅಕ್ಕನವರು ಅದೇ ಹೊಳೆಯ ದಂಡೆಗೆ ಸಮೀಪದಲ್ಲಿ ಬಾಡಿಗೆ ಮನೆಯಲ್ಲಿದ್ದುಕೊಂಡು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಮನೆಮನೆಗೆ ಕೊಡುತ್ತಿದ್ದರು. ಕೆಲಸಕ್ಕೆ ಇಬ್ಬರು ಹೆಂಗಸರು. ಅವರ ಮನೆಗೂ ನೀರು ಬಂತು. ಹಿಟ್ಟು, ಕಾಳು, ಗ್ರೈಂಡರ್ ಎಲ್ಲವೂ ಹೋದವು. ಒಂಬತ್ತನೆಯ ದಿನ ಅವರ ರೊಟ್ಟಿ ಮತ್ತೆ ಮನೆಗಳಿಗೆ ಬಂತು! ಬ್ಯಾಂಕಿಗೆ ಬಂದಾಗ ನಾವು ಆಶ್ಚರ್ಯದಿಂದ ಕೇಳಿದೆವು. "ನೀರು ಹಿಟ್ಟ ಒಯ್ತರೀ, ಗಿರಾಕೀನ್ನ ಒಯ್ಯಲಿಲ್ಲ" ಎಂದರು.

ಅವರು ಮಾಡಿದ್ದು ಇಷ್ಟೇ. ಪ್ರತಿ ಶನಿವಾರ ರಾತ್ರಿ ಗಿರಾಕಿಗಳ ಹೆಸರು, ಫೋನು, ಬರಬೇಕಾದ ಬಾಕಿ, ಕಾಳು ಕೊಡುವ ಅಂಗಡಿಗೆ ಕೊಡಬೇಕಾದ ಬಾಕಿ ಇವನ್ನು ಒಂದು ಹಾಳೆಯಲ್ಲಿ ಬರೆದು, ಮೊಬೈಲಿನಲ್ಲಿ ಫೋಟೋ ತೆಗೆದು ಹುಬ್ಬಳ್ಳಿಯ ತಂಗಿಗೆ ಕಳುಹಿಸುತ್ತಿದ್ದರು. ಇದೇನು ಹುಚ್ಚು ಎಂದು ತಂಗಿ ನಗುತ್ತಿದ್ದಳಂತೆ. ಎರಡನೆಯದಾಗಿ, ಅಯನಾವರದಲ್ಲಿರುವ ಇನ್ನೊಂದು ಕನ್ನಡದ ಮನೆಯವರೊಡನೆ ಮೊದಲೇ ಮಾತಾಗಿತ್ತು: ನಿಮ್ಮ ಒಲೆ ಕೆಟ್ಟರೆ ನಮ್ಮ ಒಲೆ, ನಮ್ಮದು ಕೆಟ್ಟರೆ ನಿಮ್ಮದು. ನೀರು ಇಳಿಯುವ ಮೊದಲೇ ಅವರು ಬಸ್ಸು ಹತ್ತಿ ಅಯನಾವರಕ್ಕೆ ಹೋಗಿ ತಂಗಿಯಿಂದ ಪಟ್ಟಿಯನ್ನು ತರಿಸಿಕೊಂಡು ಬಾಕಿ ಕೇಳಿದರು. ಬಾಕಿಯ ಹಣದಲ್ಲಿ ಹಿಟ್ಟು ತಂದರು. ಬ್ಯಾಂಕಿನ ಸಾಲ ಅವರಿಗೆ ಬೇಕಾಗಲೇ ಇಲ್ಲ. ದೊಡ್ಡ ಕಂಪನಿಗಳು ಇದಕ್ಕೆ ದೊಡ್ಡ ದೊಡ್ಡ ಹೆಸರಿಟ್ಟು, ದಪ್ಪ ಪುಸ್ತಕ ಬರೆಸಿ, ಸಲಹೆಗಾರರಿಗೆ ಹಣ ಕೊಡುತ್ತವೆ. ಅಕ್ಕನವರದು ಒಂದು ಹಾಳೆ.

ದೊಡ್ಡವರೆಂದ ಮಾತ್ರಕ್ಕೆ ಕೆಲಸ ನಿಲ್ಲುವುದಿಲ್ಲವೆಂದಲ್ಲ. 1878ರಲ್ಲಿ ಆರಂಭವಾದ 'ದಿ ಹಿಂದೂ' ಪತ್ರಿಕೆ 2015ರ ಡಿಸೆಂಬರ್ 2ರಂದು ಚೆನ್ನೈಯಲ್ಲಿ ಅಚ್ಚಾಗಲಿಲ್ಲ. ಅಷ್ಟು ವರ್ಷಗಳಲ್ಲಿ ಹೀಗಾದುದು ಅದೇ ಮೊದಲೆಂದು ಸುದ್ದಿಯಾಯಿತು. ಮರೈಮಲೈನಗರದಲ್ಲಿರುವ ಅಚ್ಚುಕೂಟಕ್ಕೆ ಕೆಲಸಗಾರರು ಹೋಗಿ ಸೇರಲಾಗಲಿಲ್ಲವೆಂಬುದೇ ಕಾರಣ. ತಮ್ಮ ಅಂಗಡಿಗೆ ನೀರು ಬಾರದಿದ್ದರೂ, ಅಡುಗೆಯವರ ಮನೆಗೆ ನೀರು ಬಂದರೆ ತಮ್ಮ ಒಲೆ ಹತ್ತುವುದಿಲ್ಲ. ಹಿಂದಿನ ಉಡುಪಿ ಹೋಟೆಲುಗಳಲ್ಲಿ ಹುಡುಗರು ಮಹಡಿಯ ಮೇಲೆಯೇ ಮಲಗುತ್ತಿದ್ದರು. ಅದರಲ್ಲಿ ಕಷ್ಟಗಳು ಬೇಕಾದಷ್ಟಿದ್ದವು, ನಾವು ಅದನ್ನು ಹೊಗಳುತ್ತಿಲ್ಲ. ಆದರೆ ಯಾರು ಎಲ್ಲಿರುತ್ತಾರೆ, ಯಾರ ಮನೆ ತಗ್ಗಿನಲ್ಲಿದೆ, ಅಂಗಡಿಯ ಎರಡನೆಯ ಬೀಗದ ಕೈ ಯಾರ ಹತ್ತಿರ ಇದೆ ಎಂಬುದನ್ನು ಯಜಮಾನರು ತಿಳಿದಿರಬೇಕಾದುದು ಅವಶ್ಯ.

ಈಗ ವಿಮೆಯ ವಿಷಯ. ಇದು ಒಣ ವಿಷಯವೆಂದು ನಮಗೆ ಗೊತ್ತು. ಹಿಂದಿನ ಸಾಲಿನಲ್ಲಿ ಒಬ್ಬರು ಆಗಲೇ ಗಡಿಯಾರ ನೋಡುತ್ತಿದ್ದಾರೆ. ಆದರೂ ಹತ್ತು ನಿಮಿಷ ಸಹಿಸಿಕೊಳ್ಳಬೇಕು.

ತಮ್ಮ ಅಂಗಡಿಯಲ್ಲಿ 10 ಲಕ್ಷದ ಸರಕಿದೆಯೆಂದು ಇಟ್ಟುಕೊಳ್ಳೋಣ. ಕಂತು ಉಳಿಸಲೆಂದು, ಅಥವಾ ಸಾಲ ಅಷ್ಟೇ ಇದೆಯೆಂದು, 5 ಲಕ್ಷಕ್ಕೆ ವಿಮೆ ಮಾಡಿದ್ದೀರಿ. ನೀರು ಬಂದು 4 ಲಕ್ಷದ ಸರಕು ಹಾಳಾಯಿತು. ವಿಮೆ 5 ಲಕ್ಷ, ನಷ್ಟ 4 ಲಕ್ಷ, ಆದ್ದರಿಂದ 4 ಲಕ್ಷವೂ ಸಿಕ್ಕುತ್ತದೆಂದು ತಾವು ಎಣಿಸುತ್ತೀರಿ. ಸಿಕ್ಕುವುದು 2 ಲಕ್ಷ. ಸರಕಿನ ಅರ್ಧಕ್ಕೆ ಮಾತ್ರ ತಾವು ವಿಮೆ ಮಾಡಿದ್ದರಿಂದ ಉಳಿದ ಅರ್ಧಕ್ಕೆ ತಾವೇ ವಿಮಾ ಕಂಪನಿಯೆಂದು ಲೆಕ್ಕ. ಈ ನಿಯಮವನ್ನು ಕೇಳಿ ಕೌಂಟರಿನಲ್ಲಿ ಕಣ್ಣೀರಿಟ್ಟವರನ್ನು ನಾವು ನೋಡಿದ್ದೇವೆ. 2021ರ ಏಪ್ರಿಲ್ 1ರಿಂದ ಸಣ್ಣ ವ್ಯಾಪಾರಿಗಳಿಗಾಗಿ 'ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿ ಬಂದಿದೆ. ಒಂದು ಜಾಗದಲ್ಲಿರುವ ಆಸ್ತಿಯ ಬೆಲೆ 5 ಕೋಟಿಯವರೆಗಿನವರಿಗೆ ಅದು. ಅದರಲ್ಲಿ ಬೆಂಕಿಯ ಜೊತೆಗೆ ಬಿರುಗಾಳಿ, ಪ್ರವಾಹಗಳೂ ಸೇರಿವೆ. ವಿಮೆ ಮಾಡಿದ ಮೊತ್ತ ನೂರಕ್ಕೆ ಹದಿನೈದರಷ್ಟು ಕಡಿಮೆಯಿದ್ದರೂ ಮೇಲೆ ಹೇಳಿದ ಕಡಿತ ಮಾಡುವುದಿಲ್ಲ. ಅದಕ್ಕೂ ಹೆಚ್ಚು ಕಡಿಮೆಯಾದರೆ ಹಳೆಯ ಲೆಕ್ಕವೇ. ಮುಚ್ಚಿದ ದಿನಗಳ ಲಾಭ ಇದರಲ್ಲಿ ಸಿಕ್ಕುವುದಿಲ್ಲ. ಅದಕ್ಕೆ ಬೇರೆ ಪಾಲಿಸಿ ಬೇಕು. ಹಿಂದಿನ ಪಾಲಿಸಿಗಳಲ್ಲಾದರೋ ಸ್ವಲ್ಪ ಕಂತು ಉಳಿಯುತ್ತದೆಂದು ಬಿರುಗಾಳಿ ಪ್ರವಾಹಗಳನ್ನೇ ಹೊಡೆದುಹಾಕಿಸುವ ಅವಕಾಶವಿತ್ತು. ಚೆನ್ನೈಯಲ್ಲಿ ಕುಳಿತು ಪ್ರವಾಹವನ್ನು ಹೊಡೆದುಹಾಕಿಸುವುದೆಂದರೆ!

ಇನ್ನೊಂದು ಸೂಕ್ಷ್ಮವನ್ನು ಬಿ.ಕಾಂ.ನಲ್ಲಿ ನಮಗೆ ಯಾರೂ ಹೇಳಿಕೊಡಲಿಲ್ಲ. ಬಹಳ ಜನ ವಿಮೆಯ ಮೊತ್ತವನ್ನು ಮಾರ್ಚ್ 31ರ ಸ್ಟಾಕನ್ನು ನೋಡಿ ನಿಶ್ಚಯಿಸುತ್ತಾರೆ. ವರ್ಷದ ಕೊನೆಯೆಂದು ಆಗ ಸರಕನ್ನು ಇಳಿಸಿರುತ್ತಾರೆ. ಸರಕು ಏರುವುದು ದೀಪಾವಳಿಗೆ. ಮಳೆ ಏರುವುದೂ ಆಗಲೇ. ಅಂದರೆ ಗೋಡೌನ್ ಅತ್ಯಂತ ತುಂಬಿರುವ ತಿಂಗಳಲ್ಲಿಯೇ ವಿಮೆ ಅತ್ಯಂತ ತೆಳ್ಳಗಿರುತ್ತದೆ. ಆದ್ದರಿಂದ ದೀಪಾವಳಿಯ ಸರಕನ್ನು ಎಣಿಸಿ ಮೊತ್ತ ಹಾಕಿಸತಕ್ಕದ್ದು. ಹತ್ತು ಲಕ್ಷದ ಸರಕಿಗೆ ವರ್ಷದ ಕಂತನ್ನು ದಿನಕ್ಕೆ ಹಂಚಿದರೆ ಒಂದು ಲೋಟ ಕಾಫಿಯ ಬೆಲೆಯನ್ನು ಮೀರುವುದು ಅಪರೂಪ.

ನೀರು ಇಳಿದ ಮೇಲೆ ನಮ್ಮವರು ಮಾಡುವ ಮೊದಲ ಕೆಲಸ ತೊಳೆಯುವುದು. ನಾಚಿಕೆಯಿಂದಲೋ ನಾತದಿಂದಲೋ ಹಾಳಾದುದನ್ನೆಲ್ಲ ಬೀದಿಗೆ ಹಾಕಿಬಿಡುತ್ತಾರೆ. ಸರ್ವೇಯರು ಬರುವಾಗ ಅಂಗಡಿ ದೇವಸ್ಥಾನದಂತೆ ಶುಚಿಯಾಗಿರುತ್ತದೆ, ನಷ್ಟಕ್ಕೆ ಸಾಕ್ಷಿ ಮಾತ್ರ ಇರುವುದಿಲ್ಲ. ಮೊದಲು ಕಂಪನಿಗೆ ತಿಳಿಸಿ. ಗೋಡೆಯ ಮೇಲೆ ನೀರಿನ ಗುರುತು ಕಾಣುವಂತೆ, ಚೀಲಗಳ ಎಣಿಕೆ ಕಾಣುವಂತೆ ಫೋಟೋ ತೆಗೆಯಿರಿ. ಕಾಯಲಾರದಷ್ಟು ಕೊಳೆತದ್ದನ್ನು ಮಾತ್ರ, ಬರೆದಿಟ್ಟುಕೊಂಡು, ಎಸೆಯಿರಿ. ನೆನೆದ ಗ್ರೈಂಡರನ್ನು ನಡೆಯುತ್ತದೋ ನೋಡೋಣವೆಂದು ಸ್ವಿಚ್ಚು ಹಾಕಬೇಡಿರಿ. ನೆನೆದ ನೋಟುಗಳನ್ನು ಇಸ್ತ್ರಿ ಪೆಟ್ಟಿಗೆಯಿಂದ ಒಣಗಿಸಲೂ ಬೇಡಿರಿ. ಹಾಗೆಯೇ ತಂದರೆ ನಾವು ಬದಲಾಯಿಸಿಕೊಡುತ್ತೇವೆ.

2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಇನ್ನೊಂದು ಹೊಸ ತೊಂದರೆಯನ್ನು ಕಂಡೆವು. 2015ರಲ್ಲಿ ಹಣವೆಂದರೆ ನೋಟು. 2023ರ ಹೊತ್ತಿಗೆ ಹಣವೆಂದರೆ ಕೌಂಟರಿನ ಮೇಲೆ ಅಂಟಿಸಿದ ಚೌಕದ ಚಿತ್ರ. ಕರೆಂಟು ಹೋಯಿತು, ಫೋನಿನ ಟವರುಗಳು ಸುಮ್ಮನಾದವು. ಅಂಗಡಿಯಲ್ಲಿ ಹಾಲಿದೆ, ಹೊರಗೆ ಗಿರಾಕಿ ಇದ್ದಾನೆ, ಅವನ ಲೆಕ್ಕದಲ್ಲಿ ಹಣವಿದೆ. ವ್ಯಾಪಾರ ಮಾತ್ರ ಆಗುವುದಿಲ್ಲ. ಅಂಥ ದಿನ ಹತ್ತು, ಇಪ್ಪತ್ತರ ನೋಟುಗಳ ಒಂದು ಕಟ್ಟು ಪೆಟ್ಟಿಗೆಯಲ್ಲಿ ಇದ್ದವರು ಮಾರಿದರು. ಉದ್ದರಿ ಬರೆಯಲು ಒಂದು ಪುಸ್ತಕವೂ ಪೆನ್ಸಿಲೂ ಇದ್ದವರು ಇನ್ನೂ ಹೆಚ್ಚು ಮಾರಿದರು. ನೀರಿಗೆ ಹರಡದ್ದು ಪೆನ್ಸಿಲಿನ ಬರಹವೇ.

ವಿಪತ್ತೆಂದರೆ ನೀರು ಒಂದೇ ಅಲ್ಲವೆಂಬುದನ್ನು 2020ರಲ್ಲಿ ಕಂಡೆವು. ಒಂದು ತೊಟ್ಟು ನೀರು ಬಾರದೆ ಪಟ್ಟಣದ ಹೋಟೆಲುಗಳೆಲ್ಲ ಮಾರ್ಚ್ ತಿಂಗಳಲ್ಲಿ ಮುಚ್ಚಿದವು. ಆ ಮೇ ತಿಂಗಳಲ್ಲಿ ಸರಕಾರ ತಂದ ತುರ್ತು ಸಾಲದ ಯೋಜನೆಯಲ್ಲಿ, ಫೆಬ್ರವರಿ 29ರಂದು ಇದ್ದ ಬಾಕಿಯ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚಿನ ಸಾಲ ಸರಕಾರದ ಖಾತರಿಯ ಮೇಲೆ ಸಿಕ್ಕಿತು. ಆದರೆ ಅದು ಸಿಕ್ಕಿದ್ದು ಮೊದಲೇ ಬ್ಯಾಂಕಿನ ಪುಸ್ತಕದಲ್ಲಿ ಸಾಲವಿದ್ದವರಿಗೆ. ಕೈಬಡ್ಡಿಯವರಲ್ಲಿ ವ್ಯವಹಾರ ಇಟ್ಟುಕೊಂಡಿದ್ದವರು ಅದೇ ಬಡ್ಡಿಯವರ ಬಾಗಿಲಿಗೇ ಮತ್ತೆ ಹೋಗಬೇಕಾಯಿತು.

ಸಾಲವಿಲ್ಲದೆ ಎದ್ದು ನಿಲ್ಲುವ ಉಪಾಯವನ್ನು ನಮ್ಮ ನಾಡಿನವರೇ ಕಂಡುಹಿಡಿದಿದ್ದಾರೆ. ಕೈಮಗ್ಗದವರು ಕಷ್ಟಕ್ಕೆ ಸಿಕ್ಕಿದ್ದ ಕಾಲದಲ್ಲಿ, 1925ರಲ್ಲಿ, ಉಡುಪಿಯಲ್ಲಿ ಡಾ. ಟಿ. ಎಂ. ಎ. ಪೈಗಳೂ ಅವರ ಅಣ್ಣ ಉಪೇಂದ್ರ ಪೈಗಳೂ ವಾಮನ ಕುಡ್ವರೂ ಸೇರಿ ಒಂದು ಬ್ಯಾಂಕನ್ನು ಆರಂಭಿಸಿದರು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು. 2020ರ ಏಪ್ರಿಲಿನಲ್ಲಿ ಕೆನರಾ ಬ್ಯಾಂಕಿನೊಡನೆ ಸೇರಿಹೋಯಿತು. ಅವರು 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದರು. ಏಜೆಂಟರು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯನ್ನೂ ತೆಗೆದುಕೊಂಡು ಹೋಗುತ್ತಿದ್ದರು. ತಿಂಗಳ ಕೊನೆಗೆ ಉಳಿದದ್ದನ್ನು ಕೂಡಿಡುತ್ತೇನೆಂದರೆ ವ್ಯಾಪಾರಿಗೆ ತಿಂಗಳ ಕೊನೆಯಲ್ಲಿ ಉಳಿಯುವುದಿಲ್ಲ. ದಿನದ ಗಲ್ಲೆಯಿಂದ ತೆಗೆದರೆ ಮಾತ್ರ ಉಂಟು. ಎರಡು ತಿಂಗಳ ಬಾಡಿಗೆ, ಎರಡು ತಿಂಗಳ ಸಂಬಳ, ಇಷ್ಟು ಹಣ ವ್ಯಾಪಾರಕ್ಕೆ ಸೇರದೆ ಬೇರೆ ನಿಂತಿರುವ ಅಂಗಡಿ ಯಾವ ವರ್ಷ ಮುಳುಗಿದರೂ ಏಳುವುದನ್ನು ನಾವು ಲೆಕ್ಕದ ಪುಸ್ತಕಗಳಲ್ಲಿಯೇ ನೋಡಿದ್ದೇವೆ.

ಸಂಘದಿಂದ ಆಗಬಹುದಾದ ಕೆಲಸ ಒಂದಿದೆ. ಅಕ್ಕನವರೂ ಅಯನಾವರದವರೂ ತಮ್ಮೊಳಗೆ ಮಾಡಿಕೊಂಡ ಒಲೆಯ ಒಪ್ಪಂದವನ್ನು ನಾವೆಲ್ಲರೂ ಮಾಡಿಕೊಳ್ಳಬಹುದು. ಎಗ್ಮೋರು, ಪುರಸವಾಕ್ಕಂ, ಟಿ. ನಗರ, ತಾಂಬರಂ ಹೀಗೆ ನಮ್ಮವರು ಪಟ್ಟಣದ ಎಲ್ಲ ಮೂಲೆಗಳಲ್ಲಿಯೂ ಇದ್ದಾರೆ; ಎಲ್ಲ ಮೂಲೆಗಳೂ ಒಂದೇ ದಿನ ಮುಳುಗುವುದು ಅಪರೂಪ. ಯಾರಲ್ಲಿ ಮಹಡಿಯ ಮೇಲೆ ನಾಲ್ಕು ಚೀಲ ಇಡುವ ಜಾಗವಿದೆ, ಯಾರಲ್ಲಿ ಹೆಚ್ಚಿನ ಒಲೆಯಿದೆ, ಯಾರಲ್ಲಿ ಜನರೇಟರು ತಗ್ಗಿನಲ್ಲಿಲ್ಲದೆ ಎತ್ತರದಲ್ಲಿದೆ ಎಂಬ ಪಟ್ಟಿಯನ್ನು ಕಾರ್ಯದರ್ಶಿಗಳು ಸಿದ್ಧಪಡಿಸಲು ಒಪ್ಪಿದ್ದಾರೆ. ಅದರ ಒಂದು ಪ್ರತಿಯನ್ನು ಊರಿನಲ್ಲಿರುವ ಯಾರಾದರೊಬ್ಬರ ಹತ್ತಿರ ಇಡಬೇಕೆಂಬುದು ನಮ್ಮ ಕೋರಿಕೆ.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾವು ಸಂಘದ ಕೋಣೆಯಲ್ಲಿ ಕುಳಿತಿರುತ್ತೇವೆ. ತಮ್ಮ ತಮ್ಮ ಪಾಲಿಸಿಗಳನ್ನು ತನ್ನಿರಿ. ಪಾಲಿಸಿ ಬ್ಯಾಂಕಿನಲ್ಲಿದ್ದರೆ ನಕಲು ಕೇಳಿ ತನ್ನಿರಿ. ಕೇಳುವುದು ತಮ್ಮ ಹಕ್ಕು, ಗುಮಾಸ್ತರು ಗೊಣಗಿದರೆ ನಮ್ಮ ಹೆಸರು ಹೇಳಬಹುದು. ಮೊದಲು ನೋಡಬೇಕಾದುದು ವಿಳಾಸ, ಆಮೇಲೆ ಮೊತ್ತ, ಆಮೇಲೆ ಮುಗಿಯುವ ತಾರೀಖು. ಅಕ್ಷರ ಬಹಳ ಸಣ್ಣದು, ಕನ್ನಡಕ ಮರೆಯಬೇಡಿರಿ. ಹೊರಗೆ ಮೋಡ ಕವಿದಿದೆ. ಊಟ ಬಡಿಸಿದ್ದಾರೆಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ.